ಡೆಂಗ್ಯೂ ಜ್ವರವೂ ವಂಶಗುಣವೂ: ಕ್ಯೂಬಾ ದ್ವೀಪದ ಸಾಕ್ಷ್ಯ

1881ರ ಆಗಸ್ಟ್ ತಿಂಗಳಲ್ಲಿ ಕಾರ್ಲೋಸ್ ಫಿನ್ಲೇ ಎಂಬ ವೈದ್ಯನು ಹವಾನಾ ನಗರದ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧವೊಂದನ್ನು ಓದಿ, ಹಳದಿ ಜ್ವರವನ್ನು ಹರಡುವುದು ಸೊಳ್ಳೆಯೇ ಎಂದು ಪ್ರತಿಪಾದಿಸಿದನು. ಲೋಕವು ಅದನ್ನೊಪ್ಪಲು ಸುಮಾರು ಇಪ್ಪತ್ತು ವರ್ಷಗಳು ಬೇಕಾದುವು. ಸರಿಯಾಗಿ ನೂರು ವರ್ಷಗಳ ತರುವಾಯ, 1981ರಲ್ಲಿ, ಅದೇ ಜಾತಿಯ ಸೊಳ್ಳೆಯು ಅದೇ ದ್ವೀಪದಲ್ಲಿ ಡೆಂಗ್ಯೂ ಜ್ವರವನ್ನು ಹಬ್ಬಿಸಿತು. ರೋಗಿಗಳ ಸಂಖ್ಯೆ 3,44,203. ಅವರಲ್ಲಿ 10,312 ಮಂದಿಗೆ ವ್ಯಾಧಿಯು ಉಗ್ರರೂಪ ತಾಳಿತು. ಮಡಿದವರು 158 ಮಂದಿ, ಅವರಲ್ಲಿ 101 ಮಂದಿ ಮಕ್ಕಳು.

ಒಂದೇ ಜ್ವರವು ಒಬ್ಬನನ್ನು ವಾರದೊಳಗೆ ಬಿಟ್ಟುಹೋಗುವುದು, ಇನ್ನೊಬ್ಬನ ರಕ್ತನಾಳಗಳನ್ನು ಸೋರುವಂತೆ ಮಾಡಿ ಪ್ರಾಣಕ್ಕೇ ಎರವಾಗುವುದು, ಇದಕ್ಕೆ ಕಾರಣವೇನು? ಬ್ಯಾಂಕಾಕಿನ ಮಕ್ಕಳನ್ನು ಪರೀಕ್ಷಿಸಿದ ಹಾಲ್‌ಸ್ಟೆಡ್ ಮೊದಲಾದವರು ಒಂದು ಉತ್ತರವನ್ನಿತ್ತಿದ್ದರು. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆಗೆ ಎದುರಾಗಿ ದೇಹವು ಸಿದ್ಧಪಡಿಸಿಕೊಂಡ ಪ್ರತಿಕಾಯಗಳು ಮತ್ತೊಂದು ಬಗೆಯನ್ನು ಕೊಲ್ಲಲಾರದೆ, ಕೇವಲ ಅದಕ್ಕೆ ಅಂಟಿಕೊಂಡು, ಜೀವಕೋಶದೊಳಗೆ ಅದರ ಪ್ರವೇಶವನ್ನು ಸುಲಭಗೊಳಿಸುತ್ತವೆ. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೆಯ ಬಗೆ ಸೌಮ್ಯವಾಗಿ ಹಬ್ಬಿತ್ತು. 1981ರಲ್ಲಿ ಬಂದುದು ಎರಡನೆಯದು. ವಾದವು ಹೊಂದಿಕೆಯಾಯಿತು. ಆದರೆ ಎರಡೂ ಬಗೆಗಳು ತಗುಲಿದವರೆಲ್ಲರೂ ಉಗ್ರವ್ಯಾಧಿಗೆ ತುತ್ತಾಗಲಿಲ್ಲವಷ್ಟೆ. ಉಳಿದವರನ್ನು ಉಳಿಸಿದುದು ಯಾವುದು?

ಬ್ರಾವೊ, ಗುಜ್ಮಾನ್, ಕೌರಿ ಎಂಬ ಕ್ಯೂಬಾದ ವಿದ್ವಾಂಸರು ರೋಗಿಗಳ ದಾಖಲೆಗಳನ್ನು ಶೋಧಿಸಿ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕುತೂಹಲಕರವಾದ ಸಂಗತಿಯೊಂದಿತ್ತು. ಉಬ್ಬಸ, ಮಧುಮೇಹಗಳುಳ್ಳವರಿಗೆ ಅಪಾಯ ಹೆಚ್ಚಾಗಿತ್ತು. ಅದರ ಜೊತೆಗೆ, ಉಗ್ರವ್ಯಾಧಿಗೆ ಸಿಕ್ಕಿದವರಲ್ಲಿ ಯೂರೋಪು ಮೂಲದವರ ಪ್ರಮಾಣವು ಅಧಿಕವಾಗಿಯೂ ಆಫ್ರಿಕಾ ಮೂಲದವರ ಪ್ರಮಾಣವು ಕಡಮೆಯಾಗಿಯೂ ಇತ್ತು.

ಇಂತಹ ಮಾತನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಯು ತುಸು ಹಿಂಜರಿಯಬೇಕಾದುದು ನ್ಯಾಯವೇ. 1793ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹಳದಿ ಜ್ವರವೆದ್ದಾಗ, ಕರಿಯರಿಗೆ ಆ ಜ್ವರ ತಾಗದೆಂದು ನಂಬಿದ ಪ್ರಸಿದ್ಧ ವೈದ್ಯ ಬೆಂಜಮಿನ್ ರಷ್ ಅವರನ್ನೇ ರೋಗಿಗಳ ಶುಶ್ರೂಷೆಗೆ ಕರೆದನು. ಅವರು ಬಂದರು, ಶುಶ್ರೂಷೆ ಮಾಡಿದರು, ಅವರಲ್ಲಿ ಅನೇಕರು ಅದೇ ಜ್ವರದಿಂದ ಸತ್ತರು. ಬಣ್ಣವನ್ನು ನೋಡಿ ದೇಹದ ಗುಣವನ್ನು ನಿರ್ಣಯಿಸುವ ಅಭ್ಯಾಸಕ್ಕೆ ತೆತ್ತ ಬೆಲೆಯಿದು.

ಆದರೂ ಕ್ಯೂಬಾದ ಸಾಕ್ಷ್ಯವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ನೆರೆಯ ಹೈಟಿಯಲ್ಲಿ ಜನರು ಬಹುಪಾಲು ಆಫ್ರಿಕಾ ಮೂಲದವರು. ಅಲ್ಲಿನ ಶಾಲಾಮಕ್ಕಳ ರಕ್ತವನ್ನು ಪರೀಕ್ಷಿಸಿ 2001ರಲ್ಲಿ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಂತೆ, ಹೆಚ್ಚಿನ ಮಕ್ಕಳಿಗೆ ಎರಡು ಅಥವಾ ಹೆಚ್ಚು ಬಗೆಗಳು ತಗುಲಿದ್ದವು. ಆದರೆ ಉಗ್ರವ್ಯಾಧಿ ಮಾತ್ರ ಕಾಣಲಿಲ್ಲ.

ಈ ಗಂಟನ್ನು ಬಿಡಿಸಲು ಮೈಬಣ್ಣವನ್ನು ಬದಿಗಿಟ್ಟು ವಂಶವಾಹಿಗಳನ್ನೇ ಓದಬೇಕಾಯಿತು. ಕ್ಯೂಬಾದವರಲ್ಲಿ ಸ್ಪೇನ್, ಆಫ್ರಿಕಾಗಳ ರಕ್ತವು ತಲೆಮಾರುಗಳಿಂದ ಬೆರೆತುಹೋಗಿದೆ. ಒಬ್ಬನ ದೇಹದಲ್ಲೇ ವರ್ಣತಂತುವಿನ ಒಂದು ತುಣುಕು ಆ ಖಂಡದ್ದು, ಮುಂದಿನದು ಈ ಖಂಡದ್ದು. ಯಾವ ತುಣುಕು ಆಫ್ರಿಕಾದಿಂದ ಬಂದಿದ್ದರೆ ರಕ್ಷಣೆ ದೊರೆಯುವುದೆಂದು ಹುಡುಕಿದ ಸಂಶೋಧಕರು 2017ರಲ್ಲಿ ಒಎಸ್‌ಬಿಪಿಎಲ್10, ಆರ್‌ಎಕ್ಸ್‌ಆರ್‌ಎ ಎಂಬೆರಡು ವಂಶವಾಹಿಗಳನ್ನು ಹೆಸರಿಸಿದರು. ಇವು ಕೊಬ್ಬಿನ ಚಯಾಪಚಯಕ್ಕೆ ಸಂಬಂಧಿಸಿದವು. ವೈರಸ್ಸಾದರೋ ತನ್ನ ವೃದ್ಧಿಗೆ ಜೀವಕೋಶದ ಕೊಬ್ಬನ್ನೇ ಆಶ್ರಯಿಸುವಂಥದು. ಇದಕ್ಕೂ ಮೊದಲು, 2011ರಲ್ಲಿ, ವಿಯೆಟ್ನಾಮಿನ ಸಾವಿರಾರು ಮಕ್ಕಳನ್ನು ಹೋಲಿಸಿ ನೋಡಿದವರಿಗೆ ಎಂಐಸಿಬಿ, ಪಿಎಲ್‌ಸಿಇ1 ಎಂಬ ಬೇರೆರಡು ದೊರೆತಿದ್ದವು. ಮೊದಲನೆಯದು ದೇಹದ ರಕ್ಷಕ ಕೋಶಗಳನ್ನು ಎಚ್ಚರಿಸುವಂಥದು. ಎರಡನೆಯದು ಕೆಟ್ಟರೆ ಮಕ್ಕಳ ಮೂತ್ರಪಿಂಡದಲ್ಲಿ ಪ್ರೋಟೀನು ಸೋರುವ ರೋಗ ಬರುವುದೆಂದು ಮೊದಲೇ ತಿಳಿದಿತ್ತು. ಸೋರುವಿಕೆಯೇ ಉಗ್ರ ಡೆಂಗ್ಯೂವಿನ ತಿರುಳೂ ಆಗಿರುವುದರಿಂದ ಈ ಸಾಮ್ಯವು ಗಮನಾರ್ಹ. ಆದರೆ ಪರಿಣಾಮದ ಅಳತೆ ದೊಡ್ಡದಲ್ಲ: ಎಂಐಸಿಬಿಯ ಪ್ರತಿಕೂಲ ರೂಪವು ಅಪಾಯವನ್ನು ಹೆಚ್ಚಿಸುವುದು ಸುಮಾರು ಮೂರನೆಯ ಒಂದು ಪಾಲಿನಷ್ಟು ಮಾತ್ರ.

ವಂಶಗುಣಕ್ಕೆ ಇದಕ್ಕಿಂತ ಹೆಚ್ಚಿನ ಅಧಿಕಾರವನ್ನು ಕೊಡಲು ಕ್ಯೂಬಾದ ಚರಿತ್ರೆಯೇ ಅಡ್ಡಬರುತ್ತದೆ. 1981ರ ಹಾವಳಿಯನ್ನು ಅಲ್ಲಿನವರು ಸೊಳ್ಳೆಗಳ ಮೇಲೆ ಯುದ್ಧ ಹೂಡಿ ಅಕ್ಟೋಬರ್ 10ರ ಹೊತ್ತಿಗೆ ನಿಲ್ಲಿಸಿದರು. 1997ರಲ್ಲಿ ಎರಡನೆಯ ಬಗೆಯು ಸಾಂತಿಯಾಗೊ ನಗರಕ್ಕೆ ಮರಳಿ ಬಂದಿತು. ಆಗ ಉಗ್ರವ್ಯಾಧಿಗೆ ಸಿಕ್ಕಿದವರು ಹೆಚ್ಚುಕಡಮೆ ಎಲ್ಲರೂ ವಯಸ್ಕರು. ಇಪ್ಪತ್ತು ವರ್ಷಗಳ ಹಿಂದೆ ಒಂದನೆಯ ಬಗೆಯನ್ನು ಕಂಡಿದ್ದವರು. ಅವರದೇ ರಕ್ತವನ್ನು ಹಂಚಿಕೊಂಡು ಹುಟ್ಟಿದ್ದ ಮಕ್ಕಳು ಪಾರಾದರು. ಅವರು ಹುಟ್ಟಿದುದು ಹಳೆಯ ಹಾವಳಿಗಳು ಮುಗಿದ ಮೇಲೆ.