ತೊಗರಿ ಕೀಡಿಯ ಮೈ, ನಮ್ಮೂರ ಕಥಿ (ಭಾಗ 3)

ಕೀಟ ಅಂದ್ರ ತಲೆ, ಎದೆ, ಹೊಟ್ಟೆ, ಆರು ಕಾಲು. ಶಾಲ್ಯಾಗ ಎಲ್ಲರೂ ಬಾಯಿಪಾಠ ಮಾಡೀರಿ. ಇದರಾಗ ನಮ್ಮ ಜಿಲ್ಲೆಯ ಇತಿಹಾಸಾನೂ ಅದ, ನೋಡ್ರಿ.

1997-98. ಕಲಬುರಗಿ, ಬೀದರ್ ಕಡೆ ಕಾಯಿಕೊರಕ ಕೀಡಿ ತೊಗರಿ ಬೆಳೆ ತಿಂದು ಹಾಕಿತು. ರೈತರು ಸಾಲ ಮಾಡಿ ಎಣ್ಣಿ ಹೊಡೆದರು, ಕೀಡಿ ಸಾಯಲಿಲ್ಲ. ವರ್ಷಾನುಗಟ್ಟಲೆ ವಿಷ ತಡ್ಕೊಂಡು ಉಳಿದ ಕೀಡಿಗಳ ಸಂತಾನವೇ ಹೊಲ ತುಂಬಿತ್ತು. ಬೆಳೆ ಹೋಯ್ತು, ಸಾಲ ಉಳೀತು. ಕೆಲವು ರೈತರು ಜೀವಾನೇ ಕಳ್ಕೊಂಡರು.

ಈಗ ಅದರ ಮೈ ನೋಡ್ರಿ. ತಲೆಯಾಗ ಗಟ್ಟಿ ದವಡೆ. ಎದೆಗೆ ಆರು ಕಾಲು. ಹೊಟ್ಟೆ ಕೆಳಗ ಐದು ಜೋಡಿ ಹುಸಿಕಾಲು, ಗಿಡ ಹಿಡ್ಕೊಳ್ಳಾಕ. ತಿನ್ನುವಾಗ ತಲೆ ಕಾಯಿ ಒಳಗ, ಉಳಿದ ಮೈ ಹೊರಗ. ಹಿಂಗಾಗಿ ಹಳೇ ಉಪಾಯ ಮತ್ತೆ ಕೆಲಸಕ್ಕ ಬಂತು: ಕೆಳಗ ಚಾದರ ಹಾಸಿ ಗಿಡ ಜಾಡಿಸೋದು. ಉದುರಿದ ಕೀಡಿ ಆರಿಸಿ ಕೊಲ್ಲೋದು. ಎಣ್ಣಿ ಖರ್ಚಿಲ್ಲ, ಕೈ ದುಡಿಮೆ ಅಷ್ಟೇ.

2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಬಂತು. ಕಾಮರ್ಸ್‌ನವರು ನಾವು ಆ ಹೆಸರಿನ ಬೆಲೆ ಲೆಕ್ಕ ಹಾಕ್ತೀವಿ. ಆ ವರ್ಷದ ಸಾಲಾನೂ ಅದೇ ಲೆಕ್ಕದ ಪುಸ್ತಕದಾಗ ಇರಲಿ.

ಕುರಕುಂಟಾ, ಸೇಡಂ, ಚಿಂಚೋಳಿ ಕಡೆಯವರೇ, ಮನ್ಯಾಗ ಹಿರಿಯರಿಗೆ ಆ ವರ್ಷ ಹೆಂಗಿತ್ತು ಅಂತ ಕೇಳ್ರಿ. ಕಾಮೆಂಟ್‌ನಾಗ ಬರೀರಿ.