ಗುಹಾಸುರನ ವರ: ಹರಿಹರೇಶ್ವರ ದೇವಾಲಯ, ಹರಿಹರ

ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಆಮೇಲೆ ಅವನ ಹಾವಳಿಗೆ ಲಗಾಮೇ ಇರಲಿಲ್ಲ. ಸ್ಥಳಪುರಾಣದ ಪ್ರಕಾರ ಪೂರ್ವಕ್ಕೆ ಉಚ್ಚಂಗಿದುರ್ಗದವರೆಗೂ ಅವನದೇ ಸೀಮೆ. ವರವನ್ನು ಮುರಿಯುವಂತಿಲ್ಲ, ಅಸುರನನ್ನು ಬಿಡುವಂತೆಯೂ ಇಲ್ಲ. ಆಗ ಇಬ್ಬರೂ ಒಂದೇ ದೇಹವಾಗಿ ಬಂದರು. ಎದುರು ನಿಂತವನು ಬರೀ ಹರಿಯಲ್ಲ, ಬರೀ ಹರನೂ ಅಲ್ಲ. ವರದ ಮಾತು ಉಳಿಯಿತು, ಗುಹಾಸುರ ಉಳಿಯಲಿಲ್ಲ.

ಗ್ರೀಕರ ಒಡಿಸ್ಯೂಸ್ ಒಕ್ಕಣ್ಣ ದೈತ್ಯನಿಗೆ ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ ಪಾರಾದ. ಅವನು ಹೆಸರು ಮರೆಸಿ ಗೆದ್ದರೆ, ಇಲ್ಲಿ ಎರಡು ಹೆಸರು ಕೂಡಿಸಿ ಗೆದ್ದರು. ಊರಿಗೂ ಅದೇ ಹೆಸರು ನಿಂತಿತು. ಹಳೆಯ ಹೆಸರು ಕೂಡಲೂರು, ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವ ಜಾಗ.

ಗರ್ಭಗುಡಿಯ ಮೂರ್ತಿಯನ್ನು ನಿಧಾನವಾಗಿ ನೋಡಿ. ಮೂರ್ತಿಯ ಬಲಭಾಗ, ಅಂದರೆ ನಿಮ್ಮ ಎಡಕ್ಕೆ ಕಾಣುವುದು, ಶಿವ, ಇನ್ನರ್ಧ ವಿಷ್ಣು. ಅವಸರದಲ್ಲಿ ಕೈಮುಗಿದು ಹೊರಟವರಿಗೆ ಇದು ಕಾಣುವುದಿಲ್ಲ.

ಈ ಗುಡಿಯನ್ನು 1223–24ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಸೇರಿಸಿದ. ಮಂಟಪದ ಕಡೆದ ಕಂಬಗಳ ನುಣುಪನ್ನು ಕಣ್ಣಿನಿಂದಷ್ಟೇ ಸವಿಯಿರಿ, ಮುಟ್ಟಬೇಡಿ.