ಟೀಚರಮ್ಮನ ಮಗಳು ರಾಣಿಯಾದದ್ದು

ದಾಸರ ಪದ ಹಾಡುವಾಗ ಕೊನೆಯ ಚರಣದಲ್ಲಿ ಅಂಕಿತ ಬಂದೇ ಬರುತ್ತದೆ. ಪುರಂದರವಿಠಲ ಎಂದ ಕೂಡಲೇ ಭಜನಾ ಮಂಡಳಿಯಲ್ಲಿ ಕೂತ ನಾವು ಹಾಡು ಮುಗಿಯಿತೆಂದು ತಾಳ ಕೆಳಗಿಡಲು ಸಿದ್ಧರಾಗುತ್ತೇವೆ. ಅಕ್ಕಮಹಾದೇವಿಯೂ ಈ ಕಟ್ಟಳೆಯನ್ನು ಬಿಟ್ಟವಳಲ್ಲ. ಬಸವಣ್ಣ, ಅಲ್ಲಮರು ಹಿಡಿದ ವಚನದ ಅಚ್ಚನ್ನೇ ಅವಳೂ ಹಿಡಿದಳು, ಕೊನೆಗೆ ಚೆನ್ನಮಲ್ಲಿಕಾರ್ಜುನನನ್ನು ಕರೆದಳು. ಆದರೆ ಆ ಅಚ್ಚಿಗೆ ಅವಳು ಹೊಯ್ದದ್ದು ಬೇರೆಯೇ ಲೋಹ. ಇದೆಲ್ಲ ನನಗೆ ನೆನಪಾದದ್ದು ಅಮೆರಿಕದ ಹಿಪ್ ಹಾಪ್ ಹಾಡುಗಳಿಂದ ಎಂದರೆ ನೀವು ನಗಬಹುದು. ಅಲ್ಲಿಯೂ ಹಾಡುವವರು ಹಾಡಿನೊಳಗೇ ಹೆಸರು ಹೇಳುತ್ತಾರೆ. ವ್ಯತ್ಯಾಸವೆಂದರೆ, ದಾಸರು ದೇವರ ಹೆಸರು ಹೇಳಿ ತಮ್ಮನ್ನು ಮರೆಸಿಕೊಂಡರು. ಇವರು ತಮ್ಮ ಹೆಸರನ್ನೇ ಡಂಗುರ ಸಾರುತ್ತಾರೆ.

ಈ ಹಾಡುಗಾರಿಕೆ ಹುಟ್ಟಿದ ಕಥೆಯಲ್ಲೇ ಒಬ್ಬ ಹುಡುಗಿ ಇದ್ದಾಳೆ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಬೇಕಿತ್ತು. ತಾವು ವಾಸವಿದ್ದ ಕಟ್ಟಡದ ಕೋಣೆಯೊಂದರಲ್ಲಿ ಅವಳು ಹಾಡು-ಕುಣಿತದ ಕೂಟ ಏರ್ಪಡಿಸಿ, ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಎಂದು ಪ್ರವೇಶ ದರ ಇಟ್ಟಳು. ಹಾಡಿನ ತಟ್ಟೆ ತಿರುಗಿಸುವ ಕೆಲಸ ಅವಳ ಅಣ್ಣ ಕ್ಲೈವ್‌ನದು. ಆತ ಕೂಲ್ ಹರ್ಕ್ ಎಂಬ ಹೆಸರಿನಲ್ಲಿ ಹಿಪ್ ಹಾಪ್‌ನ ಜನಕನೆನಿಸಿಕೊಂಡ. ಕೂಟ ಕಟ್ಟಿದವಳು ತಂಗಿ, ಬಿರುದು ಅಣ್ಣನಿಗೆ. 1979ರಲ್ಲಿ ರ‍್ಯಾಪ್ ಹಾಡನ್ನು ಮೊದಲ ಬಾರಿಗೆ ಮನೆಮನೆಗೆ ಮುಟ್ಟಿಸಿದ ಧ್ವನಿಮುದ್ರಿಕೆಯ ನಿರ್ಮಾಪಕಿಯೂ ಒಬ್ಬ ಹೆಂಗಸೇ, ಸಿಲ್ವಿಯಾ ರಾಬಿನ್ಸನ್.

ಹಾಡಿಗೆ ಚಿತ್ರ ಕೂಡಿದ್ದು ಆಮೇಲೆ. ಎಂಟಿವಿ ಎಂಬ ವಾಹಿನಿ 1981ರ ಆಗಸ್ಟ್ 1ರಂದು ಶುರುವಾಯಿತು. ಮೊದಮೊದಲು ಅಲ್ಲಿ ಕಪ್ಪು ಜನರ ಹಾಡುಗಳಿಗೆ ಜಾಗವೇ ಕಡಿಮೆ. 1984ರಲ್ಲಿ ರನ್-ಡಿಎಂಸಿ ತಂಡದ ಹಾಡು ಬಂದು ಬಾಗಿಲು ಸ್ವಲ್ಪ ತೆರೆಯಿತು. 1988ರಲ್ಲಿ ರ‍್ಯಾಪ್‌ಗೆಂದೇ ಒಂದು ಕಾರ್ಯಕ್ರಮ ಆರಂಭವಾಯಿತು. ಅಷ್ಟರಲ್ಲಿ ಈ ವಿಡಿಯೋಗಳಿಗೆ ತಮ್ಮದೇ ಶಾಸ್ತ್ರ ಬೆಳೆದಿತ್ತು. ಹಾಡುವವನು ಬೀದಿಯ ಮೂಲೆಯಲ್ಲಿ ನಿಲ್ಲಬೇಕು. ಬೆನ್ನಿಗೆ ಗೆಳೆಯರ ದಂಡು ಇರಬೇಕು. ಕುತ್ತಿಗೆಯಲ್ಲಿ ದಪ್ಪ ಚಿನ್ನದ ಸರ, ಕ್ಯಾಮೆರಾವನ್ನೇ ದುರುಗುಟ್ಟಿ ನೋಡುವ ಕಣ್ಣು, ಬಾಯಿತುಂಬ ಜಂಬ. ಹೆಂಗಸರು? ಹಿಂದೆ, ಅಲಂಕಾರಕ್ಕೆ.

ಈ ಶಾಸ್ತ್ರ ನಮ್ಮೂರಿನವರೆಗೂ ಬಂದು ತಲುಪಿದೆ. ಹೋದ ವರ್ಷ ನಮ್ಮ ಒಂಬತ್ತನೇ ತರಗತಿಯ ಹುಡುಗರು ಮೊಬೈಲಿನಲ್ಲಿ ಕನ್ನಡ ರ‍್ಯಾಪ್ ವಿಡಿಯೋ ತೆಗೆಯಲು ಹೊರಟರು. ಯಾರದೋ ಚಿಕ್ಕಪ್ಪನ ಬೈಕು, ಎರವಲು ತಂದ ಕಪ್ಪು ಕನ್ನಡಕ, ಎಲ್ಲ ಸಿದ್ಧವಾಯಿತು. ಹುಡುಗಿಯರನ್ನು ಕರೆದು "ನೀವು ಹಿಂದೆ ನಿಂತು ಕೈ ಆಡಿಸಿ ಸಾಕು" ಎಂದರಂತೆ. ಅದರಲ್ಲೊಬ್ಬಳು ನೇರ ನನ್ನ ಬಳಿ ಬಂದು, "ಟೀಚರ್, ನಂಗೆ ಅವರೆಲ್ಲರಿಗಿಂತ ಚೆನ್ನಾಗಿ ಪ್ರಾಸ ಬರುತ್ತೆ. ನಾನ್ಯಾಕೆ ಹಿಂದೆ ನಿಲ್ಲಬೇಕು?" ಎಂದಳು. ಅವಳ ಪ್ರಾಸದ ವಿಷಯ ನಿಜ. ನೋಟುಪುಸ್ತಕದ ಹಿಂಬದಿಯ ಪುಟಗಳನ್ನು ನಾನು ನೋಡಿದ್ದೇನೆ. ಅವಳಿಗೆ ಒಬ್ಬ ಹೆಂಗಸಿನ ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಡೇನಾ ಓವೆನ್ಸ್ 1970ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಹುಟ್ಟಿದಳು. ಅಪ್ಪ ಪೊಲೀಸು, ಅಮ್ಮ ರೀಟಾ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ನಮ್ಮ ಜಾತಿಯವರು ಎನ್ನಿ! ಶಾಲೆಯ ನೃತ್ಯಕೂಟಕ್ಕೆ ಊರಿನ ಡಿ.ಜೆ.ಯನ್ನು ಕರೆಸಿದವರು ಈ ಅಮ್ಮನೇ. ಮಗಳ ಹಾಡಿನ ಬದುಕಿಗೆ ದಾರಿಯಾದದ್ದು ಆ ಪರಿಚಯ. ಎಂಟು ವರ್ಷದವಳಿದ್ದಾಗಲೇ ಹೆಸರುಗಳ ಪುಸ್ತಕ ನೋಡಿ ಡೇನಾ ತನಗೆ ಲತೀಫಾ ಎಂದು ಹೆಸರಿಟ್ಟುಕೊಂಡಿದ್ದಳು. ಅರಬ್ಬಿಯಲ್ಲಿ ಕೋಮಲೆ, ಮೃದು ಸ್ವಭಾವದವಳು ಎಂದರ್ಥ. ಅದರ ಮುಂದೆ ಕ್ವೀನ್ ಎಂದು ಸೇರಿಸಿಕೊಂಡದ್ದು ಆಮೇಲೆ. ಕೋಮಲೆಯಾದ ರಾಣಿ ಎಂಬ ಹೆಸರಿನಲ್ಲೇ ಅರ್ಧ ಜಗಳ ಗೆದ್ದಂತಾಯಿತು ಎಂದು ನನಗನ್ನಿಸುತ್ತದೆ.

1989ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಲಂಡನ್ನಿನ ಮೋನಿ ಲವ್ ಎಂಬ ಹುಡುಗಿಯ ಜೊತೆ ಸೇರಿ ಅವಳು 'ಲೇಡೀಸ್ ಫಸ್ಟ್' ಹಾಡಿದಳು. ವಿಡಿಯೋ ನಿರ್ದೇಶಿಸಿದವನು ಫ್ಯಾಬ್ ಫೈವ್ ಫ್ರೆಡ್ಡಿ. ಅದನ್ನು ನಾನು ನಾಲ್ಕಾರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಶಾಸ್ತ್ರದ ಯಾವ ಅಂಗವನ್ನೂ ಅವಳು ಬಿಟ್ಟಿಲ್ಲ. ಜಂಬ ಇದೆ, ದಂಡು ಇದೆ, ಕ್ಯಾಮೆರಾವನ್ನು ಎದುರಿಸುವ ನೋಟ ಇದೆ. ಆದರೆ ಬೆನ್ನಿಗೆ ನಿಂತ ದಂಡಿನಲ್ಲಿ ಹಾಡುವ ಇತರ ಹೆಂಗಸರೇ ಇದ್ದಾರೆ. ಆರಂಭದಲ್ಲಿ ಬರುವ ಚಿತ್ರಗಳು ಗುಲಾಮಗಿರಿಯ ವಿರುದ್ಧ ಮಾತಾಡಿದ ಸೊಜರ್ನರ್ ಟ್ರೂತ್, ಹೋರಾಟಗಾರ್ತಿ ಏಂಜೆಲಾ ಡೇವಿಸ್, ವಿನ್ನಿ ಮಂಡೇಲಾ ಅವರವು. ಸೈನಿಕರ ಧಾಟಿಯ ದಿರಿಸು ತೊಟ್ಟು, ತಲೆಗೆ ಆಫ್ರಿಕದ ಮುಂಡಾಸು ಸುತ್ತಿ ಲತೀಫಾ ಒಂದು ದೊಡ್ಡ ಭೂಪಟದ ಮುಂದೆ ನಿಲ್ಲುತ್ತಾಳೆ. ಅದು ಆಫ್ರಿಕದ ದಕ್ಷಿಣ ಭಾಗ. ಅದರ ಮೇಲೆ ಚದುರಂಗದ ಕಾಯಿಗಳಂತೆ ಬಿಳಿಯರ ಬೊಂಬೆಗಳು. ಅವನ್ನು ತಳ್ಳಿ, ಆ ಜಾಗದಲ್ಲಿ ಬಿಗಿದ ಮುಷ್ಟಿಯನ್ನು ಇಡುತ್ತಾಳೆ. ನಡುನಡುವೆ ದಕ್ಷಿಣ ಆಫ್ರಿಕದ ಬೀದಿಗಳಲ್ಲಿ ನಡೆದ ಪ್ರತಿಭಟನೆಯ ದೃಶ್ಯಗಳು. ನೆಲ್ಸನ್ ಮಂಡೇಲಾ ಆಗಿನ್ನೂ ಸೆರೆಯಲ್ಲಿದ್ದರು; ಬಿಡುಗಡೆಯಾದದ್ದು 1990ರ ಫೆಬ್ರವರಿ 11ರಂದು.

ಜಂಬ ಹೆಣ್ಣಿಗೆ ಸಲ್ಲದು ಎಂದು ಅವಳು ಜಂಬವನ್ನೇ ಕೈಬಿಟ್ಟಿದ್ದರೆ ಅದು ಬರೀ ಉಪದೇಶದ ಹಾಡಾಗುತ್ತಿತ್ತು. ಹುಡುಗರು ವಾಹಿನಿ ಬದಲಿಸುತ್ತಿದ್ದರು. ರ‍್ಯಾಪ್ ಎಂದು ಗುರುತು ಸಿಕ್ಕಿದ್ದರಿಂದಲೇ ಅವರು ಕೂತು ನೋಡಿದರು, ಕೂತ ಮೇಲೆ ಏನೋ ಅದಲುಬದಲಾಗಿದೆ ಎಂದು ಹೊಳೆಯಿತು. ನಮ್ಮ ಮದುವೆಗಳ ಬೀಗರ ಹಾಡೂ ಹೀಗೇ ಅಲ್ಲವೇ? ಹಸೆಯ ಮುಂದೆ ಹಾಡುವುದು ಶಾಸ್ತ್ರ. ಆ ಶಾಸ್ತ್ರದ ಸೆರಗಿನಲ್ಲೇ ನಮ್ಮ ಅಜ್ಜಿಯರು ಗಂಡಿನ ಕಡೆಯವರ ಮಾನ ಹರಾಜಿಗಿಡುತ್ತಿದ್ದರು, ಬೀಗರು ನಗಲೇಬೇಕಿತ್ತು!

1993ರಲ್ಲಿ ಬಂದ 'ಯೂನಿಟಿ'ಯಲ್ಲಿ ಲತೀಫಾ ಬೀದಿಯಲ್ಲಿ ಹೆಂಗಸರ ಮೈಮುಟ್ಟುವವರನ್ನು, ಮನೆಯಲ್ಲಿ ಹೊಡೆಯುವವರನ್ನು, ಹಾಡಿನಲ್ಲಿ ಹೆಂಗಸರನ್ನು ಹೊಲಸು ಹೆಸರಿನಿಂದ ಕರೆಯುವವರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡಳು. ಅದಕ್ಕೆ 1995ರಲ್ಲಿ ಗ್ರ್ಯಾಮಿ ಬಂತು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದೇಶದ ಧ್ವನಿಮುದ್ರಿಕೆಗಳ ಸಂಗ್ರಹಕ್ಕೆ 1989ರ ಅವಳ ಮೊದಲ ಆಲ್ಬಮ್ಮನ್ನು ಸೇರಿಸಿತು.  ಅದನ್ನು ನೋಡಲು ರೀಟಾ ಟೀಚರ್ ಇರಲಿಲ್ಲ, 2018ರಲ್ಲೇ ತೀರಿಕೊಂಡಿದ್ದರು.

ಲತೀಫಾಳ ಗಾಂಭೀರ್ಯ ಎಲ್ಲರಿಗೂ ಒಗ್ಗುವುದಲ್ಲ. ವರ್ಜೀನಿಯಾದ ಮಿಸ್ಸಿ ಎಲಿಯಟ್ ಹಿಡಿದದ್ದು ನಗೆಯ ದಾರಿ. 1997ರ ಹೊತ್ತಿಗೆ ವಿಡಿಯೋಗಳ ಕಟ್ಟಳೆ ಇನ್ನೂ ಬಿಗಿಯಾಗಿತ್ತು: ಥಳಥಳಿಸುವ ಬಟ್ಟೆ, ದುಬಾರಿ ಕಾರು, ಸಣ್ಣ ನಡುವಿನ ಅರೆಬೆತ್ತಲೆ ಹುಡುಗಿಯರು. ತುಂಬಿದ ಮೈಯ ಮಿಸ್ಸಿ 'ದಿ ರೇನ್' ಎಂಬ ಹಾಡಿಗೆ ಕಸದ ಚೀಲದಂಥ ಕಪ್ಪು ಉಡುಪಿಗೆ ಗಾಳಿ ತುಂಬಿಸಿಕೊಂಡು ಬಂದು ನಿಂತಳು. ಗಾಳಿ ಹಿಡಿಸಿದ್ದು ಪೆಟ್ರೋಲ್ ಬಂಕಿನಲ್ಲಿ ಎಂದು ಅವಳೇ ಹೇಳಿಕೊಂಡಿದ್ದಾಳೆ. ನಿರ್ದೇಶಕ ಹೈಪ್ ವಿಲಿಯಮ್ಸ್ ಮೀನಿನ ಕಣ್ಣಿನಂಥ ಮಸೂರದಿಂದ ಅವಳನ್ನು ಇನ್ನಷ್ಟು ಉಬ್ಬಿಸಿ ತೋರಿಸಿದ. ದಪ್ಪಗಿದ್ದೀಯ ಎನ್ನುವವರಿಗೆ 'ಇಗೋ, ಇನ್ನೂ ದಪ್ಪಗಾಗಿದ್ದೇನೆ, ನೋಡಿ' ಎಂದಂತೆ. ಮದುವೆಯ ಫೋಟೋದಲ್ಲಿ ತಟ್ಟೆಯನ್ನೋ ಮಗುವನ್ನೋ ಅಡ್ಡ ಹಿಡಿದು ನಿಲ್ಲುವ ನಮ್ಮಂಥವರಿಗೆ ಅದನ್ನು ನೋಡುವಾಗ ಎಂಥ ನಿರಾಳ! ಅವಳು 2023ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಳು, ರ‍್ಯಾಪ್ ಹಾಡುವ ಹೆಂಗಸರಲ್ಲಿ ಮೊದಲಿಗಳಾಗಿ.

ಇಷ್ಟೆಲ್ಲ ಸಮುದ್ರದಾಚೆಯ ಮಾತಾಯಿತು ಎನ್ನುವವರಿಗೆ ಪಕ್ಕದ ತಮಿಳುನಾಡಿನದೊಂದು ಉದಾಹರಣೆ ಇದೆ. 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಥರ್ಮಾಮೀಟರ್ ಕಾರ್ಖಾನೆಯೊಂದನ್ನು ಕಿತ್ತು ತಂದು ಕೊಡೈಕೆನಾಲ್‌ನಲ್ಲಿ ಹೂಡಲಾಯಿತು. ಮುಂದೆ ಅದು ಹಿಂದುಸ್ತಾನ್ ಯುನಿಲಿವರ್‌ನ ಕೈಗೆ ಬಂತು. ಪಾದರಸದ ಕಶ್ಮಲ ಹೊರಗೆ ಹೋಗಿದೆ ಎಂಬ ಗದ್ದಲದಲ್ಲಿ 2001ರಲ್ಲಿ ಮುಚ್ಚಿತು. ಪಾದರಸದಿಂದ ನಮ್ಮ ಆರೋಗ್ಯ ಕೆಟ್ಟಿದೆ ಎಂದು ಕೆಲಸಗಾರರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು, ಕೋರ್ಟಿಗೂ ಹೋದರು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ 'ಕೊಡೈಕೆನಾಲ್ ವೋಂಟ್' ಎಂಬ ರ‍್ಯಾಪ್ ವಿಡಿಯೋ ಮಾಡಿದಳು. ಅವಳು ಆರಿಸಿಕೊಂಡ ಧಾಟಿ ಯಾವುದು ಗೊತ್ತೇ? ಹೆಣ್ಣಿನ ಮೈಯನ್ನು ಢಾಳಾಗಿ ತೋರಿಸಿದ್ದಕ್ಕೆ ಜಗತ್ತಿನಾದ್ಯಂತ ಹೆಸರಾಗಿದ್ದ ನಿಕಿ ಮಿನಾಜ್‌ಳ 'ಅನಕೊಂಡ'ದ್ದು. ಕುಣಿತದ ಹಾಡೆಂದು ಒತ್ತಿದವರಿಗೆ ಪಾದರಸದ ಲೆಕ್ಕ ಕೇಳಿಸಿತು. ಲಕ್ಷಾಂತರ ಜನ ನೋಡಿದರು, ನಿಕಿ ಮಿನಾಜ್ ತಾನೇ ಅದನ್ನು ಟ್ವಿಟರಿನಲ್ಲಿ ಹಂಚಿಕೊಂಡಳು. ಹಾಡೊಂದರಿಂದಲೇ ಎಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಹದಿನೈದು ವರ್ಷ ಪಟ್ಟು ಬಿಡದೆ ನಿಂತವರು ಆ ಕೆಲಸಗಾರರು. 2016ರ ಮಾರ್ಚ್‌ನಲ್ಲಿ ಕಂಪನಿ 591 ಮಾಜಿ ನೌಕರರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಮಣ್ಣಿಗೆ ಸೇರಿದ ಪಾದರಸವನ್ನು ತೆಗೆಯುವ ಮಾತುಕತೆ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.